ತಿಂಗಳಿಗೊಂದು ಬೆಲ್ಟ್ ಪರೀಕ್ಷೆ

ನಮ್ಮೂರಿನವರ ಲೆಕ್ಕದಲ್ಲಿ ನಾನು ಕರಾಟೆ ಕಲಿತು ಸರಿಹೋದ ಹುಡುಗಿ. ಹೊನ್ನವಳ್ಳಿ ಕಡೆಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಮಂಕು ಬಡಿದವಳಂತೆ ಮೂಲೆ ಹಿಡಿದಿದ್ದಳು, ಕರಾಟೆಗೆ ಸೇರಿದಳು, ಈಗ ಹೇಗಿದ್ದಾಳೆ ನೋಡಿ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಈ ಕತೆಯನ್ನು ಕಟ್ಟಿದವಳು ನಮ್ಮಮ್ಮ, ಅದೂ ನಾನು ಕರಾಟೆಗೆ ಸೇರುವುದಕ್ಕೆ ಮೊದಲೇ.

ಡಿಗ್ರಿ ಮುಗಿಸಿ ತಿಪಟೂರಿನ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಇಪ್ಪತ್ತೆರಡು ವಯಸ್ಸು. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವುದು ಬಹಳ ದೊಡ್ಡ ಕೆಲಸ ಅನ್ನಿಸಿತು. ಮಾರನೆಯ ದಿನ ಹಲ್ಲುಜ್ಜುವುದು. ಹದಿನೈದು ದಿನದಲ್ಲಿ ಶಾಲೆ ಬಿಟ್ಟೆ, ತಿಂಗಳಲ್ಲಿ ಹಾಸಿಗೆ ಹಿಡಿದೆ. ಜನಕ್ಕೆ ಕಾರಣ ಬೇಕು, ಪ್ರೀತಿ ಗೀತಿ ಏನಾದರೂ ಇತ್ತಾ ಅಂತ ಕಣ್ಣರಳಿಸಿಕೊಂಡು ಕೇಳುತ್ತಾರೆ. ಇರಲಿಲ್ಲ. ಇದ್ದಿದ್ದರೆ ಅವರಿಗಾದರೂ ಸಮಾಧಾನವಾಗುತ್ತಿತ್ತೋ ಏನೋ.

ನಾನು ಮಲಗುತ್ತಿದ್ದ ಕೋಣೆಯ ಮೇಲೆಯೇ ಕಾಯಿ ಅಟ್ಟ. ನಮ್ಮ ಕಡೆ ಕೊಬ್ಬರಿ ಆಗುವುದು ಹೀಗೆ: ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಸುರಿದು ಹನ್ನೊಂದು ತಿಂಗಳು, ಕೆಲವೊಮ್ಮೆ ವರ್ಷ, ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಅಪ್ಪ ಆಗಾಗ ಏಣಿ ಹತ್ತಿ ಮೂಲೆಗೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಆ ಸದ್ದು ಕೇಳಿಸಿಕೊಳ್ಳುತ್ತಾ ಕೆಳಗೆ ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ.

ಅಮ್ಮ ದೃಷ್ಟಿ ತೆಗೆದಳು. ಮಠಕ್ಕೆ ಕರೆದುಕೊಂಡು ಹೋಗಿ ವಿಭೂತಿ ಹಚ್ಚಿಸಿದಳು, ತಾಯಿತ ಕಟ್ಟಿಸಿದಳು. ನಾಲ್ಕು ದಿನ ಅನ್ನ ಮುಟ್ಟದೆ ಮಲಗಿದ ಮೇಲೆ ಅಪ್ಪ ಅಮ್ಮ ಇಬ್ಬರೂ ಸೇರಿ ತುಮಕೂರಿನ ಮನೋವೈದ್ಯರ ಹತ್ತಿರ ಕರೆದೊಯ್ದರು. ಡಾಕ್ಟರು ನನ್ನ ಜೊತೆ ಅರ್ಧ ಗಂಟೆ ಮಾತಾಡಿ, ಆಮೇಲೆ ಅಪ್ಪನನ್ನು ಒಳಗೆ ಕರೆದು, ಇದು ಖಿನ್ನತೆ, ಸೋಮಾರಿತನವಲ್ಲ, ವಾಸಿಯಾಗುವ ಕಾಯಿಲೆ ಅಂದರು. ಮಾತ್ರೆ ಬರೆದುಕೊಟ್ಟರು. ನನ್ನನ್ನು ಕೇಳದೆ ನಿಲ್ಲಿಸಬೇಡಿ, ತಿಂಗಳಿಗೊಮ್ಮೆ ಬನ್ನಿ, ದಿನಾ ಮೈ ಬೆವರುವಂಥದ್ದು ಏನಾದರೂ ಮಾಡಿಸಿ ಅಂದರು. ಅಮ್ಮನಿಗೆ ಇದರಲ್ಲಿ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಎರಡನೇ ಸಲ ಹೋಗುವಾಗ ಬಸ್ಸಿನಲ್ಲಿ ನಮ್ಮ ಬೀದಿಯ ಅಜ್ಜಿ ಸಿಕ್ಕಿತು. ಗುಬ್ಬಿಯಲ್ಲಿರುವ ಮಗಳ ಮನೆಗೆ ಹೊರಟಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಈ ಅಜ್ಜಿ ಊರಲ್ಲಿರುವುದಕ್ಕಿಂತ ಬಸ್ಸಿನಲ್ಲಿರುವುದೇ ಹೆಚ್ಚು.

"ಹೋದ್ ತಿಂಗ್ಳೂ ತುಮ್ಕೂರಿಗೆ ಹೋಗಿದ್ರಂತೆ, ಈ ತಿಂಗ್ಳೂ ಹೊಂಟಿದೀರ. ಏನ್ ವಿಸ್ಯ ಕಣಮ್ಮ?" ಅಂತು.

ಮದುವೆ ವಯಸ್ಸಿನ ಮಗಳಿಗೆ ತಲೆಯ ಡಾಕ್ಟರು ಅಂತ ಈ ಅಜ್ಜಿಗೆ ಹೇಳಿದರೆ ಸಂಜೆಯೊಳಗೆ ಮೂರು ತಾಲ್ಲೂಕಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಬಿಳಿ ಬಟ್ಟೆ ಹಾಕಿಕೊಂಡ ಮಕ್ಕಳ ಗುಂಪೊಂದನ್ನು ಅಮ್ಮ ನೋಡಿದ್ದಳು.

"ಇವಳಿಗೆ ಕರಾಟೆ ಪರೀಕ್ಷೆ ಕಣಜ್ಜಿ. ತಿಂಗಳಿಗೊಂದ್ಸಲ. ಬೆಲ್ಟ್ ಕೊಡ್ತಾರೆ."

ಕಿಟಕಿಯ ಸರಳಿಗೆ ಒರಗಿ, ಜೊಲ್ಲು ಸುರಿಯುವುದೊಂದು ಬಾಕಿ ಎಂಬಂತೆ ತೂಕಡಿಸುತ್ತಿದ್ದ ನನ್ನನ್ನು ಅಜ್ಜಿ ಅಡಿಯಿಂದ ಮುಡಿಯವರೆಗೆ ನೋಡಿತು.

"ಇವಳ್ಗಾ?" ಅಂತು.

ಹೇಳಿದ ಸುಳ್ಳನ್ನು ನಿಲ್ಲಿಸಬೇಕಲ್ಲ. ಮುಂದಿನ ಸೋಮವಾರ ಅಮ್ಮ ನನ್ನನ್ನು ತಿಪಟೂರಿನ ಕರಾಟೆ ಕ್ಲಾಸಿಗೆ ಸೇರಿಸಿದಳು.

ರೈಲ್ವೆ ಸ್ಟೇಷನ್ ಹಿಂದೆ ಯಾರೋ ಕೊಬ್ಬರಿ ವ್ಯಾಪಾರಿ ಬಳಸದೆ ಬಿಟ್ಟಿದ್ದ ತಗಡಿನ ಶೆಡ್ಡು ಅದು. ಒಳಗೆ ಕಾಲಿಟ್ಟರೆ ಇನ್ನೂ ಕೊಬ್ಬರಿಯ ಎಣ್ಣೆ ವಾಸನೆ. ಗುದ್ದುವುದಕ್ಕೆ ಪೇಟೆಯ ಬ್ಯಾಗು ಇರಲಿಲ್ಲ. ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ತೊಲೆಗೆ ನೇತುಹಾಕಿದ್ದರು. ಮಾಸ್ಟರು ಹಗಲೆಲ್ಲ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರು, ಸಂಜೆ ಗ್ರೀಸು ತೊಳೆದುಕೊಂಡು ಬಂದು ಬಿಳಿ ಬಟ್ಟೆ ಹಾಕುವವರು. ಕಲಿಯುವವರೆಲ್ಲ ಎಂಟು ಒಂಬತ್ತು ವರ್ಷದ ಚಿಳ್ಳೆಪಿಳ್ಳೆಗಳು. ಅವರ ಕೊನೆಯ ಸಾಲಿನಲ್ಲಿ, ಎಲ್ಲರಿಗಿಂತ ಎರಡು ಮೊಳ ಎತ್ತರಕ್ಕೆ, ಬಿಳಿ ಬೆಲ್ಟು ಕಟ್ಟಿಕೊಂಡು ನಾನು. ಮೊದಲ ದಿನವೇ ಒಬ್ಬಳು ಪುಟಾಣಿ ನನ್ನನ್ನು ಯಾರದೋ ತಾಯಿ ಅಂದುಕೊಂಡು, "ಆಂಟಿ, ನೀವು ಆಚೆ ಕೂತ್ಕೋಬೇಕು" ಅಂದಳು.

ಮಾಸ್ಟರು ಪ್ರವಚನದ ಮನುಷ್ಯರಲ್ಲ. ಮಂಡಿ ಬಗ್ಗಿಸಿ ಸುಮ್ಮನೆ ನಿಲ್ಲಿಸುವುದು ಅವರ ಮೊದಲ ಪಾಠ. ಐದು ನಿಮಿಷ ನಿಂತರೆ ತೊಡೆ ನಡುಗುತ್ತದೆ. ಆಗ ಬೇರೆ ಯಾವ ಯೋಚನೆಯೂ ಬರುವುದಿಲ್ಲ, ತೊಡೆಯ ಯೋಚನೆಯೇ ಸಾಕಾಗುತ್ತದೆ. ತಿಂಗಳುಗಟ್ಟಲೆ ಅದೇ ಅದೇ ಯೋಚನೆ ಅರೆಯುತ್ತಿದ್ದ ತಲೆಗೆ ಆ ಐದು ನಿಮಿಷ ಎಂಥ ಬಿಡುವು ಎಂದು ಹೇಗೆ ಹೇಳಲಿ. ಗುದ್ದಿನ ಕೊನೆಯಲ್ಲಿ ಒಂದು ಕೂಗು ಹಾಕಬೇಕು. ಪುಟಾಣಿಗಳು ಕೂಗಿದರೆ ತಗಡು ಅದುರುತ್ತಿತ್ತು. ನನಗೆ ಬಾಯಿ ಮಾತ್ರ ತೆರೆಯುತ್ತಿತ್ತು.

"ಗಂಟ್ಲಿಂದ ಅಲ್ಲ ಕಣಮ್ಮ, ಹೊಟ್ಟೆಯಿಂದ ಬರ್ಬೇಕು. ಬತ್ತದೆ ಬುಡು, ಅವಸರ ಏನೂ ಇಲ್ಲ" ಅನ್ನುತ್ತಿದ್ದರು ಮಾಸ್ಟರು. ಎರಡು ತಿಂಗಳಿಗೆ ಬಂತು. ಬಂದ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ತಿಂಗಳುಗಳ ನಂತರ ಹಸಿವಾಗಿತ್ತು.

ನಾಲ್ಕು ತಿಂಗಳಲ್ಲಿ ನಿದ್ದೆ ಬಂತು, ಹಳದಿ ಬೆಲ್ಟೂ ಬಂತು. ಆ ಪರೀಕ್ಷೆ ನಡೆದದ್ದು ಅದೇ ಶೆಡ್ಡಿನಲ್ಲಿ. ತುಮಕೂರಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಬೇರೆ ಮಾತು. ಒಂದು ಬೆಳಿಗ್ಗೆ ಅಪ್ಪ ಹೇಳಿದರು: "ಕರಾಟೆ ಐತಲ್ಲಮ್ಮ, ಇನ್ನು ಮಾತ್ರೆ ಯಾಕೆ? ಕಿಡ್ನಿ ಗಿಡ್ನಿ ಹಾಳಾದಾವು. ನಿಲ್ಸುಬುಡು." ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದಿಲ್ಲ. ನನಗೂ ಅದೇ ಬೇಕಿತ್ತು. ಅಮ್ಮ ಕಟ್ಟಿದ ಕತೆ ನಿಜವಾಗಲಿ ಅನ್ನುವ ಆಸೆ ಅಮ್ಮನಿಗಿಂತ ನನಗೇ ಜಾಸ್ತಿ ಇತ್ತು. ಡಾಕ್ಟರನ್ನು ಕೇಳದೆ ನಿಲ್ಲಿಸಿದೆ.

ಆರನೇ ವಾರ ಕ್ಲಾಸಿನ ಮಧ್ಯೆ, ನೂರು ಸಲ ಮಾಡಿದ ಹೆಜ್ಜೆಯೊಂದು ಮರೆತು ನಿಂತುಬಿಟ್ಟೆ. ಪಕ್ಕದ ಪುಟಾಣಿ ನನ್ನ ಪ್ಯಾಂಟು ಹಿಡಿದು ಎಳೆದು, "ಎಡಕ್ಕೆ, ಎಡಕ್ಕೆ" ಅಂದಳು. ನನಗೆ ಎಡ ಯಾವುದೆಂದೇ ಹೊಳೆಯಲಿಲ್ಲ. ಮಾರನೆಯ ದಿನದಿಂದ ಮತ್ತೆ ಅದೇ ಕೋಣೆ, ಅದೇ ಗೋಡೆ. ಅಪ್ಪ ಅಟ್ಟದಿಂದ ಇಳಿದು, ಕೈಯಲ್ಲಿ ಒಂದು ಕಾಯಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. "ಏಳಮ್ಮ, ಕರಾಟೆಗೆ ಹೋಗಲ್ವಾ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು.

"ಅಟ್ಟದ ಕಾಯಿಗೆ ಹನ್ನೊಂದು ತಿಂಗಳು ಕೊಡ್ತೀರ. ನಾಲ್ಕು ತಿಂಗಳಿಗೆ ಒಡೀರಿ ಅಂದ್ರೆ ಒಡೀತೀರಾ? ನನಗೆ ಮಾತ್ರ ನಾಲ್ಕೇ ತಿಂಗಳು ಸಾಕಾಯ್ತಾ?"

ಅರ್ಧಕ್ಕೆ ಒಡೆದ ಕಾಯಿ ಚಟ್ನಿಗೂ ಬರುವುದಿಲ್ಲ, ಕೊಬ್ಬರಿಯೂ ಆಗುವುದಿಲ್ಲ. ಅದು ಅಪ್ಪನಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಡಾಕ್ಟರ ಚೀಟಿಗಳನ್ನೆಲ್ಲ ಜೇಬಿಗಿಟ್ಟುಕೊಂಡು, ನನಗಿಂತ ಮುಂಚೆ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಡಾಕ್ಟರು ಗದರಲಿಲ್ಲ, ಮತ್ತೆ ಶುರು ಮಾಡಿಸಿದರು. ಕರಾಟೆ ಬಿಡಬೇಡ, ಮಾತ್ರೆಯನ್ನೂ ಬಿಡಬೇಡ, ಎರಡೂ ಇರಲಿ ಅಂದರು. ಊರಿಗೆ ಮಾತ್ರ ಅಮ್ಮ ನನಗೆ ಮಲೇರಿಯಾ ಬಂದಿತ್ತು ಅಂತ ಹೇಳಿದಳು. ಮನೆಗೆ ಬಂದವರ ಕಣ್ಣಿಗೆ ಬೀಳದಿರಲೆಂದು ಮಾತ್ರೆಯ ಶೀಟನ್ನು ಕರಾಟೆ ಬ್ಯಾಗಿನಲ್ಲಿ, ಸುರುಳಿ ಸುತ್ತಿದ ಬೆಲ್ಟಿನ ನಡುವೆ ಇಡುವುದೂ ಅವಳೇ ಕಂಡುಹಿಡಿದ ಉಪಾಯ.

ಮತ್ತೆ ಚೇತರಿಸಿಕೊಂಡೆ. ಈ ಸಲ ನಿಧಾನವಾಗಿ. ಅಷ್ಟರಲ್ಲಿ ಕತೆ ನಮ್ಮ ಕೈ ಮೀರಿ ಬೆಳೆದಿತ್ತು. ಮಾಸ್ಟರು ಶೆಡ್ಡಿನ ಮುಂದೆ ಒಂದು ಫ್ಲೆಕ್ಸು ಹಾಕಿಸಿದರು. ಅದರಲ್ಲಿ ನಾನು ಗಾಳಿಗೆ ಒದೆಯುತ್ತಿರುವ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ 'ಧೈರ್ಯ, ಆರೋಗ್ಯ, ಮನಶ್ಶಾಂತಿ.' ನಾಚಿಕೆಯಾಯಿತು, ನಿಜ. ಖುಷಿಯೂ ಆಯಿತು. ತೆಗೆಸಿ ಅನ್ನಲಿಲ್ಲ.

ಆ ಫ್ಲೆಕ್ಸು ನೋಡಿಕೊಂಡು ಹಾಲ್ಕುರಿಕೆಯ ಒಬ್ಬ ತಾಯಿ ತನ್ನ ಮಗಳನ್ನು ಸ್ಕೂಟರಿನಲ್ಲಿ ಕರೆತಂದರು. ಹುಡುಗಿಗೆ ಹತ್ತೊಂಬತ್ತು ವರ್ಷ, ಕಾಲೇಜು ಅರ್ಧಕ್ಕೆ ನಿಂತಿತ್ತು. ಅವಳ ಕಣ್ಣು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಕನ್ನಡಿಯಲ್ಲಿ ನೋಡಿದ ಕಣ್ಣೇ ಅದು. ತಾಯಿ ನನ್ನ ಕೈ ಹಿಡಿದುಕೊಂಡು, "ನಿನ್ನಂಗೇ ಇವಳೂ ಸರಿಹೋದ್ರೆ ಸಾಕು ಕಣಮ್ಮ" ಅಂದರು. ವಾರಕ್ಕೆ ಮೂರು ದಿನ ಮಗಳನ್ನು ಬಿಡಲು ಬರುತ್ತಿದ್ದರು. ಬರುಬರುತ್ತಾ ನನ್ನ ಮೇಲೆ ಪ್ರೀತಿ ಬೆಳೆದು, ತುರುವೇಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ತಮ್ಮ ಅಣ್ಣನ ಮಗನಿಗೆ ನನ್ನನ್ನು ಕೇಳಿದರು. ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನಗೂ ಹುಡುಗ ಇಷ್ಟವಾಗಿದ್ದ. ಫೋನಿನಲ್ಲಿ ಎರಡು ಸಲ ಮಾತಾಡಿದ್ದೆವು; ಅವನು ನಗುತ್ತಿದ್ದ ರೀತಿ ನನಗೆ ಹಿಡಿಸಿತ್ತು. ಭಾನುವಾರ ಹೆಣ್ಣು ನೋಡಲು ಬರುವುದೆಂದು ಮಾತಾಯಿತು.

ಅದಕ್ಕೆ ಮುಂಚಿನ ಸೋಮವಾರ ಕ್ಲಾಸು ಮುಗಿದ ಮೇಲೆ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದೆವು. ಹುಡುಗಿಯ ಬೆರಳ ಗೆಣ್ಣುಗಳೆಲ್ಲ ಸುಲಿದು ಕೆಂಪಾಗಿದ್ದವು. ನಾರಿನ ಚೀಲಕ್ಕೆ ಬಟ್ಟೆ ಸುತ್ತದೆ ಗುದ್ದಿದ್ದಳು.

"ನೋವಾಗಲ್ವೇನೇ?" ಅಂದೆ.

"ಗೊತ್ತಾಗಲ್ಲ ಅಕ್ಕ." ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. "ಅಕ್ಕ, ನೀವು ಎಷ್ಟು ದಿನಕ್ಕೆ ಸರಿಹೋದ್ರಿ? ನಾನು ಮಾತ್ರೆ ಬಿಟ್ಟು ಮೂರು ವಾರ ಆಯ್ತು. ಅಮ್ಮನೇ ಬಿಡಿಸಿದ್ಲು, ಕರಾಟೆ ಸಾಕು ಅಂತ. ನಂಗೇನೋ ವಾಸಿ ಆಗ್ತಾನೇ ಇಲ್ಲ. ಗುದ್ದೋದು ಸರಿಯಾಗಿ ಬರ್ತಿಲ್ಲ ಅನ್ಸುತ್ತೆ, ಅದಕ್ಕೇ ಇರ್ಬೇಕು."

ಅವಳೇ ಮುಂದುವರಿಸಿದಳು: "ತೋಟದ ಬಾವಿ ಕಡೆ ಅಮ್ಮ ಬಿಡಲ್ಲ. ನಾನೂ ಹೋಗಲ್ಲ ಅಕ್ಕ. ಯೋಚನೆ ಮಾತ್ರ ಹೋಗ್ತಿರುತ್ತೆ."

ಆಚೆ ಸ್ಕೂಟರ್ ಹಾರನ್ ಕೇಳಿಸಿತು. ಹೊರಟುಹೋದಳು. ನಾನು ಅವಳ ಹಿಂದೆ ಓಡಬೇಕಿತ್ತು, ಓಡಲಿಲ್ಲ. ಭಾನುವಾರ ಕಳೆಯಲಿ, ಆಮೇಲೆ ಹೇಗಾದರೂ ಹೇಳೋಣ ಅಂತ ಲೆಕ್ಕ ಹಾಕಿಕೊಂಡು ಬಸ್ಸು ಹತ್ತಿದೆ. ಆ ತಾಯಿಗೆ ಹೇಳುವುದೂ ಒಂದೇ, ಹುಡುಗನ ಮನೆಯ ಜಗಲಿಯಲ್ಲಿ ನಿಂತು ಹೇಳುವುದೂ ಒಂದೇ. ಮಂಗಳವಾರ ಪೂರ್ತಿ ಹಾಗೇ ಕಳೆದೆ. ಬುಧವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ನುಂಗಲು ಬೆಲ್ಟು ಬಿಚ್ಚಿದೆ. ಮಾತ್ರೆ ಅಂಗೈಯಲ್ಲಿತ್ತು. ನಾನು ದಿನಾ ನುಂಗಿಕೊಂಡು, ನನ್ನ ಫೋಟೋ ತೋರಿಸಿ ಇನ್ನೊಬ್ಬಳ ಕೈಯಿಂದ ಕಿತ್ತುಕೊಂಡಿದ್ದೇನೆ ಅನ್ನಿಸಿತು. ಆ ಒಂದೂವರೆ ದಿನದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಅವತ್ತು ಸಂಜೆ ಕ್ಲಾಸಿಗೆ ಮುಂಚೆಯೇ ಶೆಡ್ಡಿನ ಮುಂದೆ ಕಾದು ನಿಂತೆ. ಮಾಸ್ಟರು ಬಾಗಿಲು ತೆಗೆಯುತ್ತಿದ್ದರು. ಸ್ಕೂಟರ್ ಬಂತು. ತಾಯಿ ಇಳಿದು ನಗುತ್ತಾ, "ಭಾನುವಾರ ಯಾವ ಸೀರೆ ಉಡ್ತೀಯಮ್ಮ?" ಅಂದರು. ನಾನು ಬ್ಯಾಗು ತೆಗೆದು, ಬೆಲ್ಟಿನ ಸುರುಳಿ ಬಿಚ್ಚಿ, ಮಾತ್ರೆಯ ಶೀಟನ್ನು ಅವರ ಕೈಗಿಟ್ಟೆ.

"ಇದೇನಿದು?"

"ನನ್ನ ಮಾತ್ರೆ ಆಂಟಿ. ಎರಡು ವರ್ಷದಿಂದ ತಗೋತಿದೀನಿ. ಮಧ್ಯೆ ಒಂದ್ಸಲ ಬಿಟ್ಟು ಮತ್ತೆ ಹಾಸಿಗೆ ಹಿಡಿದಿದ್ದೆ. ಕರಾಟೆ ಒಂದರಿಂದ್ಲೇ ಸರಿಹೋಗಿಲ್ಲ. ಇವಳನ್ನ ಇವತ್ತೇ, ಈಗ್ಲೇ ಡಾಕ್ಟ್ರಿಗೆ ತೋರಿಸಿ. ಬಾವಿ ಕಡೆ ಯೋಚನೆ ಹೋಗುತ್ತೆ ಅಂತ ನನ್ನ ಹತ್ರ ಹೇಳಿದಾಳೆ. ಒಬ್ಬಳನ್ನೇ ಬಿಡಬೇಡಿ."

ಅವರು ಶೀಟಿನ ಹಿಂದಿನ ಹೆಸರನ್ನು ಕಣ್ಣು ಕಿರಿದು ಮಾಡಿ ಓದಿದರು. "ಇದೇ ಮಾತ್ರೆ. ನಮ್ಮವಳಿಗೂ ಇದ್ನೇ ಕೊಟ್ಟಿದ್ರು." ಆಮೇಲೆ ನನ್ನ ಮುಖ ನೋಡಿದರು. "ಹಂಗಾದ್ರೆ ಇಷ್ಟು ದಿನ ನಿಮ್ಮಮ್ಮ ಹೇಳಿದ್ದೆಲ್ಲ ಸುಳ್ಳಾ?"

"ಹೌದು. ನಾನೂ ಹೇಳಿದೆ."

ಹೊಡೆದುಬಿಡುತ್ತಾರೆ ಅಂದುಕೊಂಡೆ. ಹೊಡೆದಿದ್ದರೂ ತಪ್ಪಿಲ್ಲ. ಶೀಟನ್ನು ನನ್ನ ಬ್ಯಾಗಿನೊಳಗೆ ಎಸೆದು, ಮಗಳ ರಟ್ಟೆ ಹಿಡಿದು ಕೂರಿಸಿಕೊಂಡು, ಸ್ಕೂಟರ್ ತಿರುಗಿಸಿ ಹೋದರು. ಹುಡುಗಿ ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಕೀ ಹಿಡಿದುಕೊಂಡೇ ನಿಂತಿದ್ದ ಮಾಸ್ಟರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಂಗೆ ಮೋಟರ್ ಗೊತ್ತು, ಕರಾಟೆ ವಸಿ ಗೊತ್ತು. ನೀನು ಮೊದ್ಲೇ ಹೇಳ್ಬಾರ್ದಿತ್ತಾ ಕಣಮ್ಮ" ಅಂದರು. ಒಳಗಿನಿಂದ ಸ್ಟೂಲು ತಂದು ಹತ್ತಿ ಫ್ಲೆಕ್ಸು ಬಿಚ್ಚಿದರು. ಈಗ ಅದು ಅವರ ಅಂಗಡಿಯಲ್ಲಿ ಮೋಟರುಗಳಿಗೆ ಮಳೆ ಹೊಡೆಯದಂತೆ ಹೊದಿಸಿರುತ್ತದೆ, ನಾನು ಒದೆಯುತ್ತಿರುವ ಕಾಲು ಒಂದು ಬದಿಯಲ್ಲಿ ಕಾಣುತ್ತದೆ.

ಶನಿವಾರ ತುರುವೇಕೆರೆಯಿಂದ ಫೋನು ಬಂತು. ಸದ್ಯಕ್ಕೆ ಬೇಡ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ ಅಂದರು. ಅಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು: "ಭಾನುವಾರ ಕಳೆಯೋ ತನಕ ಬಾಯಿ ಮುಚ್ಕೊಂಡಿದ್ರೆ ನಿನಗೇನಾಗ್ತಿತ್ತೇ?"

"ನನಗೇನೂ ಆಗ್ತಿರ್ಲಿಲ್ಲ ಕಣಮ್ಮ."

ಅಮ್ಮ ಅತ್ತಳು. ನಾನೂ ಅತ್ತೆ, ಆ ನಗುವಿಗಾಗಿ. ಹುಡುಗ ಒಂದು ಮೆಸೇಜು ಕೂಡ ಹಾಕಲಿಲ್ಲ, ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಹಾಲ್ಕುರಿಕೆಯ ಹುಡುಗಿ ಕ್ಲಾಸಿಗೆ ಬರಲಿಲ್ಲ. ಫೋನು ಮಾಡಿದರೆ ಅವಳ ತಾಯಿ ಎತ್ತಲಿಲ್ಲ. ದಿನಾ ಬೆಳಿಗ್ಗೆ ಪೇಪರಿನ ಜಿಲ್ಲಾ ಪುಟವನ್ನು ಹೆದರಿಕೊಂಡೇ ತೆರೆಯುತ್ತಿದ್ದೆ.

ಮೂರು ವಾರವಾಗಿ ನನ್ನ ತಿಂಗಳ ಸರದಿ ಬಂತು. ಅಮ್ಮ ಮುಖ ಊದಿಸಿಕೊಂಡೇ ಜೊತೆಗೆ ಹೊರಟಳು. ತಿಪಟೂರಿನಲ್ಲಿ ತುಮಕೂರು ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಅದೇ ಅಜ್ಜಿ. ನಾವು ಅದರ ಹಿಂದಿನ ಮೂರು ಜನರ ಸೀಟಿನಲ್ಲಿ ಕೂತೆವು, ಅಮ್ಮ ಮಧ್ಯದ ಜಾಗದಲ್ಲಿ ಬ್ಯಾಗು ಇಟ್ಟಳು. ಬಸ್ಸು ಹೊರಡುವಾಗ ಇಬ್ಬರು ಓಡಿಬಂದು ಹತ್ತಿದರು. ಹಾಲ್ಕುರಿಕೆಯ ತಾಯಿ, ಹಿಂದೆ ಮಗಳು. ನನಗೆ ಹೋದ ಜೀವ ಬಂದಂತಾಯಿತು. ಹುಡುಗಿಯ ಗೆಣ್ಣುಗಳು ಒಣಗಿದ್ದವು. ತಾಯಿ ನಮ್ಮನ್ನು ನೋಡಿ, ಗುರುತೇ ಇಲ್ಲದವರಂತೆ ಕಂಬ ಹಿಡಿದು ನಿಂತರು. ಅಮ್ಮ ಕಿಟಕಿಯಾಚೆ ನೋಡತೊಡಗಿದಳು.

ಅಜ್ಜಿ ತಿರುಗಿತು. "ಓಹೋ, ಬೆಲ್ಟ್ ಪರೀಕ್ಷೆಗಾ? ಎಷ್ಟು ಬೆಲ್ಟ್ ಆದ್ವು ಕಣಮ್ಮ ನಿನ್ ಮಗಳಿಗೆ? ತಿಂಗ್ಳಿಗೊಂದು ಅಂದ್ರೂ ಪೆಟ್ಟಿಗೆ ತುಂಬಿರ್ಬೇಕಲ್ಲ!"

ಅಮ್ಮ ಕಿಟಕಿಯಿಂದ ಈಚೆ ತಿರುಗಿದಳು. "ಹೂಂ ಅಜ್ಜಿ, ಪರೀಕ್ಷೆಗೇ" ಅಂದಳು.

"ನೀವೆಲ್ಲಿಗ್ರೀ?" ಅಜ್ಜಿ ನಿಂತವರನ್ನೂ ಬಿಡಲಿಲ್ಲ.

ಆ ತಾಯಿ ಒಂದು ಗಳಿಗೆ ನನ್ನಮ್ಮನನ್ನು ನೋಡಿದರು. ಹೇಳಿಬಿಡುತ್ತಾರೆ, ಸಿಟ್ಟೆಲ್ಲ ಇಲ್ಲೇ ತೀರಿಸಿಕೊಳ್ಳುತ್ತಾರೆ ಅಂದುಕೊಂಡೆ. "ನಮ್ದೂ ಪರೀಕ್ಷೆಗೇ" ಅಂದರು. ಇಬ್ಬರು ತಾಯಂದಿರ ಮುಖದಲ್ಲೂ ಒಂದೇ ಹೆದರಿಕೆ. ನನಗೆ ಸಿಟ್ಟು ಬಂತು, ಎದ್ದು ನಿಲ್ಲುವುದರಲ್ಲಿದ್ದೆ.

"ಡಾಕ್ಟ್ರ ಹತ್ರ ಕಣಜ್ಜಿ!"

ಕೂಗಿದ್ದು ನಾನಲ್ಲ, ಹುಡುಗಿ. ಶೆಡ್ಡಿನಲ್ಲಿ ಒಂದು ದಿನವೂ ಬಾಯಿಂದ ಕೂಗು ಹೊರಡದಿದ್ದವಳು. ಕಂಡಕ್ಟರ್ ಕೂಡ ತಿರುಗಿ ನೋಡಿದ. "ಮನಸ್ಸಿಗೆ ಹುಷಾರಿಲ್ಲ, ಮಾತ್ರೆ ತರಕ್ಕೆ ಹೋಗ್ತಿದೀವಿ. ಅಕ್ಕನೂ ಅದಕ್ಕೇ. ಪರೀಕ್ಷೆ ಗಿರೀಕ್ಷೆ ಏನಿಲ್ಲ."

ಅವಳ ತಾಯಿ ಕಣ್ಣು ಮುಚ್ಚಿಕೊಂಡರು. ಅಜ್ಜಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಜೀವಮಾನದಲ್ಲಿ ಮೊದಲ ಸಲ ಇರಬೇಕು, ಮುಂದೆ ಏನೂ ಕೇಳದೆ ತಿರುಗಿ ಕೂತಿತು. ಗುಬ್ಬಿ ಬರುವಷ್ಟರಲ್ಲಿ ಅದು ಯಾರ್‍ಯಾರಿಗೆ ಹೇಳಬೇಕೆಂದು ಎಣಿಸುತ್ತಿತ್ತೋ ಏನೋ, ಗೊತ್ತಿಲ್ಲ.

ನಾನು ಅಮ್ಮನ ಕಡೆ ನೋಡಲು ಹೆದರಿ, ನನ್ನ ಕೈಗಳನ್ನೇ ನೋಡುತ್ತಾ ಕೂತಿದ್ದೆ. ಬಸ್ಸು ಕೆ.ಬಿ. ಕ್ರಾಸ್ ದಾಟಿತು. ಆಗ ಅಮ್ಮ ಮಧ್ಯದ ಜಾಗದಲ್ಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಗೆ ಒತ್ತಿ ಕೂತಳು.

"ಬಾರೇ, ಇಲ್ಲಿ ಕೂತ್ಕೋ" ಅಂದಳು ಹುಡುಗಿಗೆ. "ತುಮ್ಕೂರು ಇನ್ನೂ ದೂರ ಐತೆ."